ತೊಂಬತ್ತು ಸಾಕಿತ್ತು

ನಿಮ್ಮ ವಾರ್ಡಿನಲ್ಲಿ ಅಪ್ಪನಿಗೆ ಆಮ್ಲಜನಕ ಹೆಚ್ಚಿಸಿದ್ದು ಅವರ ಉಸಿರಿಗಾಗಿ ಅಲ್ಲ, ಮಾನಿಟರಿನ ಬಾಯಿ ಮುಚ್ಚಿಸುವುದಕ್ಕಾಗಿ. ಆಸ್ಪತ್ರೆಯ ಆಡಳಿತದ ಮೇಲೆ ನನ್ನ ಆರೋಪ ಇದು.

ಅಪ್ಪ ಪೀಣ್ಯದ ಪಾಲಿಶ್ ಶೆಡ್ಡುಗಳಲ್ಲಿ ಲೋಹದ ಧೂಳು ಕುಡಿದೇ ವಯಸ್ಸು ಕಳೆದವರು. ಶ್ವಾಸಕೋಶ ಕೆಟ್ಟು ವರ್ಷಗಳಾಗಿವೆ. ಈ ಸಲ ಏದುಸಿರು ಹೆಚ್ಚಾದಾಗ ಅಮ್ಮನೂ ನಾನೂ ನಾಗಸಂದ್ರದಿಂದ ಆಟೋದಲ್ಲಿ ಕರೆತಂದೆವು. ಬೆಳಗಿನ ನರ್ಸ್ ಮೂಗಿಗೆ ನಳಿಕೆ ಇಟ್ಟು, ಆಮ್ಲಜನಕವನ್ನು ಅಳತೆಯಲ್ಲೇ ಬಿಟ್ಟು, ಮಾನಿಟರಿನಲ್ಲಿ ರಕ್ತದ ಆಮ್ಲಜನಕದ ಅಂಕಿ ತೋರಿಸಿದರು.

"ಇವರಿಗೆ ಎಂಬತ್ತೆಂಟರಿಂದ ತೊಂಬತ್ತೆರಡು ಇದ್ರೆ ಸಾಕು. ಅದಕ್ಕಿಂತ ಕಡಿಮೆ ಆಗಬಾರ್ದು, ಜಾಸ್ತಿನೂ ಬೇಡ."

"ತೊಂಬತ್ತು ಅಂದ್ರೆ ಡಿಸ್ಟಿಂಕ್ಷನ್ ಅಲ್ವೇನಮ್ಮ? ನಮ್ಮ ಎಂ.ಎ. ಮಗಳೂ ತಗೊಂಡಿಲ್ಲ," ಎಂದರು ಅಪ್ಪ. ನರ್ಸ್ ನಕ್ಕರು.

ಮಧ್ಯಾಹ್ನ ಪಾಳಿ ಬದಲಾಯಿತು. ಇಡೀ ವಾರ್ಡಿಗೆ ಒಬ್ಬರೇ ನರ್ಸ್. ಎಲ್ಲ ಹಾಸಿಗೆಗಳ ಮಾನಿಟರಿಗೂ ಒಂದೇ ಮಿತಿ. ತೊಂಬತ್ತೈದಕ್ಕಿಂತ ಕೆಳಗಿಳಿದರೆ ಕೂಗುತ್ತದೆ. ಅಪ್ಪನದು ಕೂಗುತ್ತಲೇ ಇತ್ತು. ನರ್ಸ್ ಬಂದವರೇ ಆಮ್ಲಜನಕದ ಗುಂಡಿ ತಿರುಗಿಸಿ ಹೆಚ್ಚಿಸಿದರು.

"ಬೆಳಗಿನ ಸಿಸ್ಟರ್ ತೊಂಬತ್ತು ಸಾಕು ಅಂದಿದ್ರಲ್ಲ?" ಎಂದೆ.

"ಮಾನಿಟರಲ್ಲಿ ಕೆಂಪು ದೀಪ ಬರಬಾರ್ದು ಮೇಡಂ, ಆಫೀಸ್ ರೂಲು. ಕೂಗ್ತಿದ್ರೆ ಬೈಸ್ಕೊಳ್ಳೋರು ನಾವು."

ಅಂಕಿ ತೊಂಬತ್ತೆಂಟಕ್ಕೆ ಏರಿತು. ಸದ್ದು ನಿಂತಿತು. ಅಪ್ಪ ಕಣ್ಣು ಮುಚ್ಚಿದರು.

"ನೋಡೇ, ಎಷ್ಟ್ ದಿನ ಆಗಿತ್ತು ಇವ್ರು ಹಿಂಗ್ ಮಲಗಿ," ಎಂದು ಅಮ್ಮ ಪಿಸುಗುಟ್ಟಿದರು. ಅಪ್ಪನ ಮುಖ ಕೆಂಪಗಿತ್ತು, ಕೈ ಬೆಚ್ಚಗಿತ್ತು. ಕಾಫಿ ತಂದು ಎಬ್ಬಿಸಿದರೆ ಏಳಲಿಲ್ಲ. ಭುಜ ಅಲುಗಿಸಿದರೂ ಏಳಲಿಲ್ಲ.

ಅದು ನಿದ್ದೆಯಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಬಂದ ಮಂಪರು ಎಂದು ಓಡಿಬಂದ ವೈದ್ಯರು ಹೇಳಿದರು. ಇಂಥ ರೋಗಿಗೆ ಮಿತಿಮೀರಿದ ಆಮ್ಲಜನಕವೂ ಅಪಾಯವಂತೆ. ಅಂಕಿಯ ಜೊತೆಗೆ ಎಚ್ಚರವನ್ನೂ ಉಸಿರಿನ ಲಯವನ್ನೂ ನೋಡುತ್ತಿರಬೇಕಂತೆ. ಕೇಳುತ್ತಾ ನಿಂತಿದ್ದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು, ಅದನ್ನೇ ನೋಡಿದೆ.

ತೀವ್ರ ನಿಗಾ ಘಟಕದಲ್ಲಿ, ಉಸಿರಾಟಕ್ಕೆ ಒತ್ತಾಸೆ ಕೊಡುವ ಮಾಸ್ಕಿನೊಳಗೆ ಅಪ್ಪ ಕಣ್ಣು ತೆರೆದಿದ್ದಾರೆ. ನಾಳೆ ಅವರನ್ನು ಅದೇ ವಾರ್ಡಿಗೆ ಕಳಿಸುತ್ತೀರಂತೆ. ಮಾನಿಟರಿನ ಮಿತಿ ಇನ್ನೂ ಬದಲಾಗಿಲ್ಲ. ಹೋಗಿ ನೋಡಿ ಬಂದೆ.

ಆದ್ದರಿಂದ ಕೋರುತ್ತೇನೆ: ಎಲ್ಲ ರೋಗಿಗಳಿಗೂ ಒಂದೇ ಮಿತಿ ನಿಗದಿ ಮಾಡಿದವರು ಯಾರು, ಒಬ್ಬ ನರ್ಸಿಗೆ ಇಡೀ ವಾರ್ಡನ್ನು ಒಪ್ಪಿಸಿದವರು ಯಾರು ಎಂಬುದಕ್ಕೆ ಲಿಖಿತ ಉತ್ತರ ಕೊಡಿ. ಅಪ್ಪನನ್ನು ಸ್ಥಳಾಂತರಿಸುವ ಮುನ್ನ ಅವರ ಮಿತಿಯನ್ನು ವೈದ್ಯರಿಂದ ಬರೆಸಿ, ಮಾನಿಟರನ್ನು ಅದಕ್ಕೆ ಹೊಂದಿಸಿ. ಅಲ್ಲಿಯವರೆಗೆ ಅವರನ್ನು ಆ ಹಾಸಿಗೆಗೆ ಕಳಿಸಲು ನಮ್ಮ ಒಪ್ಪಿಗೆ ಇಲ್ಲ.