ಅಕ್ಕನ ಬಾಳೆಯ ಬೆನ್ನು ಹತ್ತಿ ಕಮಲಾಪುರಕ್ಕೆ

ಕಲಬುರಗಿಯಲ್ಲಿ ಹುಮನಾಬಾದಿನ ಬಸ್ಸು ಹತ್ತಿದಾಗ ಬಿಸಿಲು ಆಗಲೇ ಏರಿತ್ತು. ಹೆಂಗಸಾದ್ದರಿಂದ ಟಿಕೆಟ್ಟಿಗೆ ಕಾಸು ಬೇಕಿರಲಿಲ್ಲ. ಸೀಟಿಗೆ ಮಾತ್ರ ಜಗಳವಾಡಬೇಕಾಯಿತು. ಕಮಲಾಪುರಕ್ಕೆ ಹೊರಟದ್ದು ಒಂದು ಬಾಳೆಯ ಕಂದಿಗಾಗಿ. ಕಳೆದ ವರ್ಷ ತೀರಿಕೊಂಡ ನನ್ನ ಅಕ್ಕ ಕುಸನೂರಿನ ನಮ್ಮ ಹಿತ್ತಿಲಲ್ಲಿ ಕೆಂಪು ಬಾಳೆ ಬೆಳೆಸಿದ್ದಳು. ಈಚೆಗೆ ಕಾಂಪೌಂಡ್ ಗೋಡೆ ಕಟ್ಟುವಾಗ ಅದು ಗಡ್ಡೆಸಮೇತ ಹೋಯಿತು. ಅದರದೊಂದು ಕಂದನ್ನು ಅಕ್ಕ ಹಿಂದೆ ಕಮಲಾಪುರದ ಗೆಳತಿ ಕಾಶಿಬಾಯಿಗೆ ಕೊಟ್ಟಿದ್ದಳು. ಕೆಂಪು ಬಾಳೆಗೆ ಹೆಸರಾದ ಊರಿಗೇ ಬಾಳೆ ಹೊತ್ತಳೆಂದು ಮನೆಯವರೆಲ್ಲ ನಕ್ಕಿದ್ದೆವು.

ಮಹಾಗಾಂವ ದಾಟಿದ ಮೇಲೆ ಎರಡೂ ಕಡೆ ಹೂಬಿಟ್ಟ ತೊಗರಿ. ಆ ಹಳದಿ ಹೂಗಳಲ್ಲಿ ಪರಾಗವೂ ಅಂಡವೂ ಕೂಡಿ ಬೀಜವಾಗುತ್ತದೆ; ಬೀಜದಿಂದ ಹುಟ್ಟುವ ಸಸಿ ಹೊಸದು. ನಾವು ತಿನ್ನುವ ಬಾಳೆಗೆ ಬೀಜವಿಲ್ಲ. ಗಡ್ಡೆಯಿಂದ ಏಳುವ ಕಂದು ತಾಯಿಯ ಮಗಳಲ್ಲ, ತಾಯಿಯೇ. ಇದನ್ನು ಶಾಲೆಯಲ್ಲಿ ಎಷ್ಟು ಸಲ ಕಲಿಸಿದ್ದೇನೋ. ಅಕ್ಕ ಹೋದ ಮೇಲೆ ಮಾತ್ರ ಅದು ಎದೆಗೆ ತಟ್ಟಿತು. ಅವಳು ನೀರೆರೆದ ಗಿಡವೇ ನನಗೆ ಬೇಕಿತ್ತು, ಅಂಥದ್ದು ಇನ್ನೊಂದಲ್ಲ.

ಕಾಶಿಬಾಯಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಡಿಸಿ, ಆಮೇಲೆ ತೋಟಕ್ಕೆ ಕರೆದೊಯ್ದರು. ಬಾಳೆ ಇದ್ದ ಕಡೆ ಬರೀ ಕೆದರಿದ ಮಣ್ಣು. ಅಂಚಿನಲ್ಲಿ ಪುಟ್ಟ ಕಂದೊಂದು ಮಾತ್ರ ನಿಂತಿತ್ತು.

"ಹಂದಿ ಬಂದು ಎಲ್ಲಾ ಅಗದು ತಿಂದಾವ, ತಂಗಿ. ನಿಮ್ಮಕ್ಕಂದು ಇದೊಂದೇ ಕಂದು ಉಳದದ."

"ಹಂಗಾರ ನಾ ಒಯ್ಯಂಗಿಲ್ರಿ."

"ಆಕಿ ನಿನಗ ಅಕ್ಕ, ನನಗ ಗೆಳತಿ. ಇಬ್ಬರಿಗೂ ಇರ್ಲಿ."

ಹೀಗೆಂದು ಕಾಶಿಬಾಯಿ ಕಂದನ್ನು ಅಗೆದು ತೆಗೆದರು. ಗಡ್ಡೆಯ ಮೇಲೆ ಮೊಳಕೆಯೊಡೆಯುವ ಕಣ್ಣುಗಳನ್ನು ಬೆರಳಿನಿಂದ ತಡವಿ ನೋಡಿ, ನಡುವೆ ಸೀಳಿಯೇಬಿಟ್ಟರು. ನಾನು ಚೀರಿದೆ. ಎರಡೂ ಕೊಳೆತರೆ ಅಕ್ಕನ ಬಾಳೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಕೊಯ್ದ ಕಡೆ ಬೂದಿ ಸವರಿ, ಒಂದು ಹೋಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟರು.

ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಗೋಣಿಯೊಳಗೆ ಇಣುಕಿ, "ಹೆಣ್ಣೇನ್ರಿ ಇದು? ಗಂಡಾದ್ರ ಟಿಕೆಟ್ ತಗೋಬೇಕಾಗ್ತದ" ಎಂದು ಚೇಷ್ಟೆ ಮಾಡಿದ.

"ಇದಕ್ಕ ಗಂಡಿನ ಹಂಗೇ ಇಲ್ಲಪಾ" ಎಂದೆ. ಸುತ್ತಲಿನವರು ನಕ್ಕರು. ಇಳಿಯುವವರೆಗೂ ನಾನು ಆ ಗಂಟನ್ನು ಮಡಿಲಿನಿಂದ ಕೆಳಗಿಡಲಿಲ್ಲ.

ನೆಟ್ಟ ಮೇಲೆ ದಿನಾ ಮಣ್ಣು ನೋಡುವುದೇ ಕೆಲಸವಾಯಿತು. ಸುರುಳಿ ಎಲೆಯೊಂದು ಕೆಂಪಗೆ ಇಣುಕಿದ ದಿನ ಕಾಶಿಬಾಯಿಗೆ ಫೋನು ಮಾಡಿ ಹೇಳಿದೆ.

"ನಂದು ಕೊಳೀತು, ತಂಗಿ."

"ಇದರ ಮೊದಲ್ನೇ ಕಂದು ನಿಮ್ಮದೇ ರೀ. ನಾನೇ ತರ್ತೀನಿ."

"ಅವಸರ ಮಾಡಬ್ಯಾಡ. ಮೊದಲು ತಾಯಿ ಗಟ್ಟಿ ಆಗ್ಲಿ."