ಟ್ರ್ಯಾಕ್ಟರಿನ ಹಿಂದೆ ನಿಲ್ಲುತ್ತಿದ್ದ ಓನ್ನಿ

ಮೊದಲು ಕೇಳಿಸುವುದು ಸರಪಳಿಯ ಸದ್ದು. ಹಿಂದಿನ ಗಾಲಿಗಳಿಗೆ ಸರಪಳಿ ಸುತ್ತಿಕೊಂಡ ಹೆಲ್ಮಿಯ ಸಣ್ಣ ಟ್ರ್ಯಾಕ್ಟರ್ ಶೆಡ್ಡಿನಿಂದ ಹೊರಬಿತ್ತೆಂದರೆ ನಮ್ಮ ರಸ್ತೆಯ ಏಳು ಮನೆಯವರೂ ಕಾಫಿಗೆ ನೀರಿಡುತ್ತೇವೆ. ಸುಪೀರಿಯರ್ ಸರೋವರದ ಕಡೆಯಿಂದ ಬೀಸಿ ರಾತ್ರಿಯೆಲ್ಲ ಸುರಿದ ಹಿಮವನ್ನು ಹೆಲ್ಮಿ ಮುಂದಿನ ಬಕೆಟ್ಟಿನಲ್ಲಿ ಎತ್ತಿ, ಒಬ್ಬೊಬ್ಬರ ಬಾಗಿಲಿಗೂ ದಾರಿ ಬಿಡಿಸುತ್ತಾಳೆ. ಅವಳ ಬೆನ್ನ ಹಿಂದೆ, ಕಬ್ಬಿಣದ ಪಟ್ಟಿಯ ಮೇಲೆ, ಸೀಟು ಹಿಡಿದುಕೊಂಡು ಅವಳ ತಮ್ಮ ಓನ್ನಿ ನಿಂತಿರುತ್ತಿದ್ದ.

ನಿಲ್ಲುತ್ತಿದ್ದುದು ತೂಕಕ್ಕೆ. ಒದ್ದೆ ಹಿಮ ತುಂಬಿದ ಬಕೆಟ್ ಮೇಲೆದ್ದರೆ ಟ್ರ್ಯಾಕ್ಟರಿನ ಹಿಂಭಾಗ ಹಗುರಾಗುತ್ತದೆ. ಓನ್ನಿ ಇನ್ನೂರ ಎಂಬತ್ತು ಪೌಂಡಿನ ಆಳು. ಗರಗಸದ ಕಾರ್ಖಾನೆಯಲ್ಲಿ ಒಂದು ಕಣ್ಣು ಕಳೆದುಕೊಂಡ ಮೇಲೆ ಅವನು ವಾಹನ ಓಡಿಸಿದ್ದಿಲ್ಲ. ಚಳಿಗಾಲದಲ್ಲಿ ಅವನಿಗಿದ್ದದ್ದು ಇದೊಂದೇ ಕೆಲಸ. ನಮ್ಮಮ್ಮ ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಬಡಿಸಿದರೆ, “ಇನ್ನೊಂದು ಹಾಕಮ್ಮ, ನನಗಲ್ಲ, ಟ್ರ್ಯಾಕ್ಟರಿಗೆ,” ಎನ್ನುತ್ತಿದ್ದ.

ಹೋದ ಬೇಸಿಗೆಯಲ್ಲಿ ವೈದ್ಯರು ಸಕ್ಕರೆ ಕಾಯಿಲೆ ಎಂದರು. ಎರಡನೆಯ ಪ್ಯಾಸ್ಟಿ ನಿಂತಿತು. ಅವನು ಕರಗುತ್ತಿದ್ದುದು ನಮಗೆ ತಿಳಿಯಲಿಲ್ಲ. ಕೋಟು ಅದೇ ಹಳೆಯದು.

ನವೆಂಬರಿನ ಮೊದಲ ಹಿಮದಲ್ಲಿ ಸಲ್ಮಿ ಮೇಷ್ಟ್ರ ಮನೆಯ ಇಳಿಜಾರಿನಲ್ಲಿ ಹೆಲ್ಮಿ ತುಂಬಿದ ಬಕೆಟ್ ಎತ್ತಿದಳು. ಹಿಂದಿನ ಗಾಲಿಗಳು ನೆಲ ಬಿಟ್ಟವು. ಬ್ರೇಕ್ ಇರುವುದು ಆ ಗಾಲಿಗಳಿಗೇ. ಟ್ರ್ಯಾಕ್ಟರ್ ಸದ್ದಿಲ್ಲದೆ ಜಾರತೊಡಗಿತು. ಅವಳು ಬಕೆಟ್ಟನ್ನು ನೆಲಕ್ಕೆ ಬಿಟ್ಟಳು, ಅದು ಊರಿಕೊಂಡು ನಿಂತಿತು. ಗಾಲಿಯಿಂದ ಒಂದು ಮೊಳದಾಚೆ ಓನ್ನಿ ಹಿಮದಲ್ಲಿ ಬಿದ್ದಿದ್ದ.

ನಮ್ಮ ಬಾಗಿಲಿನಿಂದ ನೋಡುತ್ತಿದ್ದ ನಾನು ಓಡಿಹೋಗಿ ಅವನ ಕೋಟು ಹಿಡಿದು ಎಳೆದೆ. ಜಗ್ಗಲಿಲ್ಲ. ಹೆಲ್ಮಿ ಅವನ ಜೇಬಿಗೆ ಕೈ ಹಾಕಿ ಹಬೆಸ್ನಾನದ ಸೌನಾ ಒಲೆಯಲ್ಲಿ ಕಾಯಿಸುವ ಕರಿಕಲ್ಲೊಂದನ್ನು ತೆಗೆದಳು. ಆಮೇಲೆ ಇನ್ನೊಂದನ್ನು.

“ಇದೇನೋ?”

“ಕಲ್ಲು.”

“ಅದು ಕಾಣುತ್ತೆ. ಜೇಬಲ್ಲಿ ಯಾಕೆ?”

“ಐವತ್ತು ಪೌಂಡ್ ಇಳಿದಿದೀನಿ ಅಕ್ಕ. ಗೊತ್ತಾದ್ರೆ ನನ್ನ ಇಳಿಸಿಬಿಡ್ತೀಯ ಅಂತ.”

“ಗಾಲಿ ಕೆಳಗೆ ಹೋಗಿದ್ರೆ ನಾನು ಇಳಿಸೋ ಕೆಲಸಾನೇ ಇರ್ತಿರಲಿಲ್ಲ.”

ಅವಳು ಕಲ್ಲುಗಳನ್ನು ಮೆಲ್ಲಗೆ ಅವನ ಜೇಬಿಗೇ ಹಿಂದಿಟ್ಟಳು.

ಆ ವಾರವೇ ಶೆಡ್ಡಿಗೆ ಒಂದು ಖಾಲಿ ಪೀಪಾಯಿ ಬಂತು. ಹೆಲ್ಮಿ ಅದರ ತಳದ ಹತ್ತಿರ ಅಡ್ಡಕ್ಕೆ ದಪ್ಪ ಸರಳು ತೂರಿಸಿದಳು. ಕಾಂಕ್ರೀಟು ತುಂಬಿದ ಮೇಲೆ ಟ್ರ್ಯಾಕ್ಟರಿನ ಹಿಂದಿನ ತೋಳುಗಳು ಅದನ್ನು ಎತ್ತಿ ಹಿಡಿಯಬೇಕು. ತೂಕ ಗಾಲಿಗಳಿಗಿಂತ ಹಿಂದೆ, ನೆಲಕ್ಕೆ ಹತ್ತಿರ ತೂಗಬೇಕೆಂದು ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲಿತ್ತು. ಆರುನೂರು ಪೌಂಡ್ ಎಂದೂ ಇತ್ತು.

“ಆರುನೂರಾ?” ಓನ್ನಿ ಕೈಲಿದ್ದ ಸಲಿಕೆ ಇಳಿಸಿದ. “ಹಾಗಾದ್ರೆ ಇಷ್ಟು ವರ್ಷ ನಾನು ಸಾಲ್ತಾನೇ ಇರಲಿಲ್ವಾ?”

“ಸಾಲ್ತಿರಲಿಲ್ಲ ಕಣೋ,” ಎಂದಳು ಹೆಲ್ಮಿ. ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ.

ಅವನು ಸಲಿಕೆ ಎತ್ತಿಕೊಂಡು ಕಾಂಕ್ರೀಟು ಕಲಸಿದ. ಅರ್ಧಕ್ಕಿಂತ ತುಸು ಮೇಲೆ ತುಂಬಿದ ಮೇಲೆ ಕೋಟಿನ ಕಲ್ಲುಗಳನ್ನು ಒಂದೊಂದಾಗಿ ಒಳಗೆ ಅದುಮಿದ. ಕಾಂಕ್ರೀಟು ಗಟ್ಟಿಯಾಗುವ ಮೊದಲು ಅದರೊಳಗಿನ ನೀರು ಚಳಿಗೆ ಹೆಪ್ಪುಗಟ್ಟಿದರೆ ಪುಡಿಯಾಗುತ್ತದೆ. ಏಳು ದಿನ ಶೆಡ್ಡಿನ ಒಲೆಗೆ ಸೌದೆ ಒಟ್ಟಿದವನೂ ಅವನೇ.

ಎಂಟನೆಯ ದಿನ ಬೆಳಿಗ್ಗೆ ಪೀಪಾಯಿ ಹೊತ್ತ ಟ್ರ್ಯಾಕ್ಟರ್ ಅದೇ ಇಳಿಜಾರಿಗೆ ಬಂತು. ಹೆಲ್ಮಿ ಬಕೆಟ್ ತುಂಬಿ, ಮೊಣಕಾಲಿನೆತ್ತರಕ್ಕಷ್ಟೇ ಎತ್ತಿ, ನಿಧಾನವಾಗಿ ಇಳಿದಳು. ಹಿಂದಿನ ಗಾಲಿಗಳು ನೆಲ ಕಚ್ಚಿಕೊಂಡೇ ಬಂದವು. ರಸ್ತೆಯ ಅಂಚಿನಲ್ಲಿ, ಖಾಲಿ ಜೇಬಿಗೆ ಕೈಯಿಳಿಸಿ ನಿಂತಿದ್ದ ಓನ್ನಿ ಅದನ್ನು ನೋಡಿ ಮನೆಯ ಕಡೆ ತಿರುಗಿದ.

ಹೆಲ್ಮಿ ಎಂಜಿನ್ ನಿಲ್ಲಿಸಿದಳು. “ಎಲ್ಲಿಗೆ?”

“ಒಳಗೆ. ಇಲ್ಲೇನಿದೆ ನಂದು?”

“ಹೋದ ವರ್ಷ ಮೇಷ್ಟ್ರ ಅಂಚೆಪೆಟ್ಟಿಗೆ ಮುರಿದೋರು ಯಾರು?”

“ನೀನು.”

“ನನಗೇ ಕಾಣಲಿಲ್ಲ, ಹಿಂದೆ ನಿಂತೋನಿಗೆ ಮುಂದಿಂದು ಎಲ್ಲಿ ಕಾಣುತ್ತೆ? ಕೋಲು ತಗೊಂಡು ಮುಂದೆ ನಡಿ. ಹಿಮದಡಿ ಏನಿದೆ ಚುಚ್ಚಿ ನೋಡಿ ಹೇಳು. ದೂರ ಇರು, ನನ್ನ ಕಣ್ಣಿಗೆ ಬೀಳೋ ಹಾಗಿರು.”

“ನನಗಿರೋದು ಒಂದೇ ಕಣ್ಣು.”

“ಅಂಚೆಪೆಟ್ಟಿಗೆನೂ ಒಂದೇ.”

ಓನ್ನಿ ಬೇಲಿಗೆ ಒರಗಿಸಿದ್ದ ಕೋಲು ಎತ್ತಿಕೊಂಡು, ಎದುರು ಮನೆಯ ಅಂಗಳದತ್ತ ಹಿಮ ಚುಚ್ಚುತ್ತ ಹೊರಟ. ಹಿಂದೆ ಸರಪಳಿ ಮತ್ತೆ ಸದ್ದು ಮಾಡಿತು.

“ಬಕೆಟ್ ಕೆಳಗೇ ಇರ್ಲಿ ಅಕ್ಕ,” ಎಂದ, ತಿರುಗದೆ, ನಡೆಯುತ್ತಲೇ. “ಆ ಮೋರಿ ಹತ್ರ ನೆಲ ಒಂಚೂರು ಕುಸಿದಿದೆ, ಎಡಕ್ಕೆ ತಗೊಂಡ್ರೆ ನೀನು ಸೀದಾ ಅದರೊಳಗೇ. ಬಲಕ್ಕೆ ಬಾ.”