ಮಾಮ ಹಿಡಿದ ಕಾಲುಗಳು

ಕಳೆದ ಶನಿವಾರ ಪಕ್ಕದ ಮನೆಯಲ್ಲಿ ಬಾಣಂತಿಗೆಂದು ಬೇವಿನ ಸೊಪ್ಪು ಹಾಕಿ ನೀರು ಕಾಯಿಸುತ್ತಿದ್ದರು. ಆ ಕಹಿ ವಾಸನೆ ನಮ್ಮ ಕಿಟಕಿಗೆ ನುಗ್ಗಿದಾಗ ನನಗೆ ನೆನಪಾದದ್ದು ಕೂಸಲ್ಲ, ಮುದುಕರ ಪಾದಗಳು… ಮತ್ತು ಎದುರುಮನೆಯ ಮಾಮ.

ಮಾಮ ನಿವೃತ್ತ ಬಸ್ ಕಂಡಕ್ಟರ್. ಪ್ರತಿ ಭಾನುವಾರ ದಾವಣಗೆರೆಯಿಂದ ಹರಿಹರದ ವೃದ್ಧಾಶ್ರಮಕ್ಕೆ ಹೋಗಿ ಅಲ್ಲಿನ ಹಿರಿಯರ ಉಗುರು ಕತ್ತರಿಸುತ್ತಿದ್ದರು. ಮೊದಮೊದಲು ನಾವು ಓಣಿಯವರೆಲ್ಲ ಟೆಂಪೊ ತುಂಬ ಹೋಗುತ್ತಿದ್ದೆವು. ಒಬ್ಬರು ತಲೆಗೆ ಎಣ್ಣೆ ಹಚ್ಚಿದರೆ ಇನ್ನೊಬ್ಬರು ಹಾಸಿಗೆ ಕೊಡವುತ್ತಿದ್ದರು. ನನ್ನ ಸೇವೆ ಊರವರ ದನಿ ಅಣಕಿಸಿ ನಗಿಸುವುದು. ಬೆವರು ಬಾರದ ಕೆಲಸ ಹುಡುಕುವುದರಲ್ಲಿ ನಾನು ಮೊದಲಿಂದಲೂ ಚುರುಕು. ಬರಬರುತ್ತ ಟೆಂಪೊ ಆಟೊ ಆಯಿತು, ಆಟೊ ಮಾಮನ ಸ್ಕೂಟರಾಯಿತು. ಈಗ ಜನ ಅಲ್ಲಿಗೆ ಬರುವುದು ಹುಟ್ಟುಹಬ್ಬಕ್ಕೆ. ಕೇಕು, ಫೋಟೊ, ಹಿರಿಯರ ಸಕ್ಕರೆ ಏರಿಸಿ ವಾಪಸ್.

ಉಗುರು ಕತ್ತರಿಸಲು ಕಾಲು ಕೊಡುವುದೆಂದರೆ ಹಿರಿಯರಿಗೆ ಸಂಕೋಚ. ಅದರಲ್ಲೂ ಗುತ್ತೂರಿನ ಅಜ್ಜ ಕಾಲನ್ನು ಕಂಬಳಿಯೊಳಗೆ ಎಳೆದುಕೊಂಡುಬಿಡುತ್ತಿದ್ದರು. ಉಗುರು ಬೆಳೆದು ಬೆರಳಿಗೇ ಚುಚ್ಚಿದರೆ ಅವರಿಗೆ ನಡೆಯಲಾಗುತ್ತಿರಲಿಲ್ಲ. ಮಾಮ ವಾದಕ್ಕಿಳಿಯುತ್ತಿರಲಿಲ್ಲ. “ಆಶೀರ್ವಾದ ಮಾಡ್ರಿ ಅಜ್ಜಾರ” ಎಂದು ಬಗ್ಗುತ್ತಿದ್ದರು. ನಮಸ್ಕಾರಕ್ಕೆ ಬಂದವರಿಗೆ ಕಾಲು ಕೊಡದಿರಲಾದೀತೆ? ಅಜ್ಜ ಕಾಲು ಚಾಚಿ, ಕೈ ಎತ್ತಿ, ಮಕ್ಕಳು ಮರಿ ಮಳೆ ಬೆಳೆ ಎಲ್ಲ ಹರಸಿ ಮುಗಿಸುವಷ್ಟರಲ್ಲಿ ಪಾದ ಬೇವಿನ ನೀರಿನ ಬೋಗುಣಿಯಲ್ಲಿರುತ್ತಿತ್ತು.

ಹೋದ ವರ್ಷ ಮಾಮ ತೀರಿಕೊಂಡರು… ಆಮೇಲೆ ನಮ್ಮ ಓಣಿಯಿಂದ ಯಾರೂ ಹೋಗಲಿಲ್ಲ.

ಆ ಶನಿವಾರ ಓಣಿಯ ಮೊಬೈಲ್ ಗ್ರೂಪಿನಲ್ಲಿ ‘ನಾಳೆ ಯಾರು ಬರ್ತೀರಿ’ ಎಂದು ಕೇಳಿದೆ. ಸಾಲು ಸಾಲು ಹೆಬ್ಬೆರಳು ಬಂದವು. ಮರುದಿನ ಬಸ್ ಸ್ಟ್ಯಾಂಡಿಗೆ ಮನುಷ್ಯರು ಬರಲಿಲ್ಲ. ಒಬ್ಬನೇ ಹೋದೆ.

ಅಜ್ಜನ ಕಾಲು ಕಂಬಳಿಯೊಳಗಿತ್ತು. ನಾನು ಥೇಟ್ ಮಾಮನ ದನಿಯಲ್ಲೇ ಆಶೀರ್ವಾದ ಕೇಳಿದೆ. ಪಕ್ಕದ ಮಂಚದವರು ಬೆಚ್ಚಿ ತಿರುಗಿ ನೋಡಿದರು. ಅಜ್ಜ ನಗಲಿಲ್ಲ.

“ಅವನ ದನಿ ಬ್ಯಾಡಪ್ಪ. ನಿಂದು ಐತಲ್ಲ, ಅದ್ರಾಗ ಕೇಳು.”

ಕೇಳಿದೆ. ಊರವರ ದನಿಯೆಲ್ಲ ಸಲೀಸಾಗಿ ಬರುತ್ತದೆ. ನನ್ನದು ತುಸು ತೊದಲಿತು. ಅಜ್ಜ ಎಡಗಾಲು ಚಾಚಿ ನನ್ನ ತಲೆಯ ಮೇಲೆ ಕೈಯಿಟ್ಟರು. ಕಲ್ಲಾಗಿದ್ದ ಉಗುರು ನೆನೆಸಿ ಕತ್ತರಿಸುವಷ್ಟರಲ್ಲಿ ನನ್ನ ಅಂಗಿ ಬೆವರಿಗೆ ತೊಯ್ದಿತ್ತು. ಬಲಗಾಲು ಕೊಡ್ರಿ ಎಂದರೆ, ಅದನ್ನು ಕಂಬಳಿಯೊಳಕ್ಕೆ ಇನ್ನಷ್ಟು ಸರಿಸಿಕೊಂಡರು.

“ಇದು ಬರೋ ಭಾನುವಾರಕ್ಕ.”

ಮಾಮನಿಗೆ ಎರಡೂ ಕಾಲು ಒಂದೇ ದಿನ ಕೊಡುತ್ತಿದ್ದರು. ಮಾಮ ಮತ್ತೆ ಬಂದೇ ಬರುತ್ತಾರೆಂದು ಅವರಿಗೆ ಗೊತ್ತಿತ್ತಲ್ಲ… ಮಾಮ ಇಲ್ಲ. ನಾಡಿದ್ದು ಭಾನುವಾರ. ಮೊದಲ ಬಸ್ಸಿಗೇ ಹೊರಡುತ್ತೇನೆ.